ಪಾಟಿಯಾದ ಗೋಡೆ, ನೀಲಿಯಾದ ಗೋಡೆ: ಎರಡು ಕಡುನೀಲಿಗಳಲ್ಲಿ ಯಾವುದು ನಿಮ್ಮ ಮನೆಗೆ?

ಧಾರವಾಡದ ಮಾಳಮಡ್ಡಿಯಲ್ಲಿರುವ ಅಕ್ಕನ ಮನೆಯ ಪಡಸಾಲೆಗೆ ಕಡುನೀಲಿ ಹೊಡೆಸಿ ಎಂಟು ದಿನವಾಗಿತ್ತು. ಬೆಳಗ್ಗೆ ಬೆಳಗ್ಗೆ ಫೋನು. “ತಮ್ಮಾ, ನೀ ನೀಲಿ ಅಂತ ಹೇಳಿದ್ದಿ. ಇದು ಪಾಟಿ ಆಗೇದ ನೋಡು. ಬಳಪ ಕೊಟ್ರ ಮಗ್ಗಿ ಬರೀತೀನಿ.”

ದನಿಯಲ್ಲಿ ಸಿಟ್ಟಿಗಿಂತ ನಗೆಯೇ ಹೆಚ್ಚಿತ್ತು, ಆದರೂ ಮಾತು ನಿಜ. ಅದೇ ಶೇಡ್ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಫ್ಲ್ಯಾಟಿನಲ್ಲಿ ಎಷ್ಟು ಚಂದ ಕೂತಿತ್ತೆಂದರೆ, ಬಂದವರು ನಂಬರ್ ಬರೆದುಕೊಂಡು ಹೋಗುತ್ತಿದ್ದರು. ಅದನ್ನು ನೋಡಿಯೇ ಅಕ್ಕ ಒಪ್ಪಿದ್ದು. ಕಾರ್ಡಿನಲ್ಲಿ ಅದರ ಮಗ್ಗುಲಲ್ಲೇ ಇನ್ನೊಂದು ಕಡುನೀಲಿ ಇತ್ತು. “ಅದು ಭಾಳ ಗಾಢ, ನಿಮ್ಮ ಮನ್ಯಾಗ ಮದಲ ಬೆಳಕ ಕಡಿಮಿ” ಎಂದು ಅದನ್ನು ತಳ್ಳಿಹಾಕಿದವನು ನಾನೇ. ಕಡೆಗೆ ಆ ಗೋಡೆಗೆ ಹತ್ತಿದ್ದು ಅದೇ. ಎರಡು ಸಲದ ಖರ್ಚು, ಎರಡು ಸಲ ಸಾಮಾನು ಸರಿಸುವ ಕೆಲಸ, ಭಾವನ ಮೌನ, ಇಷ್ಟನ್ನೂ ಕೊಟ್ಟು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶೇಡ್ ಕಾರ್ಡಿನಲ್ಲಿ ಕಡುನೀಲಿಯ ಪುಟ ತೆರೆದರೆ ಮೊದಲು ಎಲ್ಲವೂ ಒಂದೇ ಎನಿಸುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಎರಡು ಕುಲ ಕಾಣುತ್ತವೆ. ಒಂದರಲ್ಲಿ ಬೂದಿ ಬೆರೆತಿದೆ, ಮಳೆಗಾಲದ ಸಂಜೆಯ ಮೋಡದ ಹಾಗೆ. ಇನ್ನೊಂದರಲ್ಲಿ ಬೂದಿ ಇಲ್ಲ, ಮಸಿದವತಿಯ ನೀಲಿ, ಗಾಢವಾದರೂ ನೀಲಿಯೇ. ಇವನ್ನು ಬೂದುನೀಲಿ, ಅಚ್ಚನೀಲಿ ಎಂದು ಕರೆಯೋಣ. ಇಂಟರ್ನೆಟ್ಟಿನಲ್ಲಿ ಮನೆಯ ಫೋಟೊ ಹುಡುಕುವವರಿಗೆ ಈ ಜೋಡಿ ಅಮೆರಿಕದ ಎರಡು ಹೆಸರುಗಳಲ್ಲಿ ಸಿಗುತ್ತದೆ: ಬೆಂಜಮಿನ್ ಮೂರ್ ಕಂಪನಿಯ ‘ಹೇಲ್ ನೇವಿ’ ಮತ್ತು ಶರ್ವಿನ್ ವಿಲಿಯಮ್ಸ್ ಕಂಪನಿಯ ‘ನೇವಲ್’. ಎರಡನೆಯದನ್ನು ಆ ಕಂಪನಿ 2020ರ ‘ವರ್ಷದ ಬಣ್ಣ’ ಎಂದು ಆರಿಸಿತ್ತು. ಹೇಲ್ ನೇವಿ ಬೂದಿನ ಕಡೆಯದು, ನೇವಲ್ ಅಚ್ಚನೆಯ ಕಡೆಯದು. ನಮ್ಮ ಅಂಗಡಿಗಳಲ್ಲಿ ಸಿಗುವ ಕಂಪನಿಗಳ ಕಾರ್ಡುಗಳಲ್ಲೂ ಇದೇ ಎರಡು ಕುಲದ ನೀಲಿಗಳು ಬೇರೆ ಬೇರೆ ಹೆಸರಿನಲ್ಲಿ ಕೂತಿರುತ್ತವೆ. ಹೆಸರಿಗೆ ಬೆಲೆ ಕೊಡಬೇಡಿ. ಶೇಡ್ ನಂಬರ್ ಒಂದೇ ಖರೆ.

ಹೆಸರಿನ ಮಾತು ಬಂದಿದ್ದಕ್ಕೆ ಒಂದು ಅಡ್ಡಮಾತು. ಬ್ರಿಟನ್ನಿನ ನೌಕಾದಳ 1748ರಲ್ಲಿ ತನ್ನ ಅಧಿಕಾರಿಗಳಿಗೆ ಕಡುನೀಲಿ ಸಮವಸ್ತ್ರ ತಂದದ್ದರಿಂದ ಈ ಬಣ್ಣಕ್ಕೆ ‘ನೇವಿ ಬ್ಲೂ’ ಎಂಬ ಹೆಸರು. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಧ್ವಜದ ನಿರ್ಣಯದಲ್ಲೂ ಚಕ್ರದ ಬಣ್ಣ ನೇವಿ ಬ್ಲೂ ಎಂದೇ ಇದೆ. ಆ ಚಕ್ರ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಖಾದಿಯ ಮೇಲೆ ಅಚ್ಚಾಗುತ್ತದೆ. ‘ನೇವಿ ಬ್ಲೂ’ ಎಂಬ ಎರಡು ಶಬ್ದದ ಮೇಲೆ ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಬಟ್ಟೆಗೂ ಬಣ್ಣಕ್ಕೂ ಭಾರತೀಯ ಮಾನಕ ಸಂಸ್ಥೆಯ ಅಳತೆ ಇದೆ. ನಾವು ಮಾತ್ರ ಪೇಂಟ್ ಅಂಗಡಿಗೆ ಹೋಗಿ “ನೇವಿ ಬ್ಲೂ ಕೊಡ್ರಿ” ಅಂದುಬಿಡುತ್ತೇವೆ.

ಅಂಕಿ ಹೇಳುವುದು, ಹೇಳದಿರುವುದು

ಬಣ್ಣದ ಕಂಪನಿಗಳು ಪ್ರತಿ ಶೇಡ್‌ಗೆ ಎಲ್‌ಆರ್‌ವಿ ಎಂಬ ಅಂಕಿ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಗೋಡೆ ಮರಳಿಸುತ್ತದೆ ಎಂಬ ಲೆಕ್ಕ ಅದು. ಪೂರಾ ಕಪ್ಪಿಗೆ 0, ಪೂರಾ ಬಿಳುಪಿಗೆ 100. ನೇವಲ್‌ನ ಅಂಕಿ 4, ಹೇಲ್ ನೇವಿಯದು ಅದಕ್ಕಿಂತ ತುಸು ಮೇಲೆ. ನಾನು ಎಡವಿದ್ದು ಇಲ್ಲಿಯೇ. ಅಂಕಿ ಹೆಚ್ಚಿದ್ದದ್ದು ತುಸು ತಿಳಿ, ಹಾಗಾದರೆ ಕತ್ತಲೆಯ ಪಡಸಾಲೆಗೆ ಅದೇ ಸರಿ ಎಂದು ತರ್ಕ ಹೂಡಿದೆ. ನೋಡಿದರೆ ಎರಡೂ ನೂರರಲ್ಲಿ ಹತ್ತು ಪಾಲು ಬೆಳಕನ್ನೂ ಮರಳಿಸುವುದಿಲ್ಲ. ಬೆಳಕಿನ ಲೆಕ್ಕದಲ್ಲಿ ಎರಡೂ ಕತ್ತಲೆಯೇ. ಇವುಗಳ ನಡುವಿನ ವ್ಯತ್ಯಾಸ ಎಷ್ಟು ತಿಳಿ ಎಂಬುದರಲ್ಲಿಲ್ಲ, ಎಷ್ಟು ನೀಲಿ ಎಂಬುದರಲ್ಲಿದೆ.

ಬೂದುನೀಲಿಯಲ್ಲಿ ನೀಲಿಯ ಪಾಲೇ ಕಡಿಮೆ. ಬೆಳಕು ಸಾಲದ ಕೋಣೆಯಲ್ಲಿ ಕಣ್ಣಿಗೆ ಬಣ್ಣ ತಿಳಿಯುವ ಶಕ್ತಿಯೂ ಕುಗ್ಗುತ್ತದೆ. ಆಗ ಇದ್ದಷ್ಟು ನೀಲಿ ಮೊದಲು ಮಾಯವಾಗಿ ಬೂದಿಯಷ್ಟೇ ಉಳಿಯುತ್ತದೆ. ಅದೇ ಅಕ್ಕನ ಪಾಟಿ. ಅಚ್ಚನೀಲಿ ಅದೇ ಕತ್ತಲೆಯಲ್ಲಿ ಇನ್ನಷ್ಟು ಗಾಢವಾಗುತ್ತದೆ, ನಿಜ, ಆದರೆ ನೀಲಿಯಾಗಿಯೇ ಉಳಿಯುತ್ತದೆ. ಅಜ್ಜಿಯ ಟ್ರಂಕಿನಲ್ಲಿದ್ದ ಚಂದ್ರಕಾಳಿ ಸೀರೆ ನೆನಪಾಗುತ್ತದೆ: ಒಳಕೋಣೆಯಲ್ಲಿ ಕಪ್ಪು, ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದರೆ ಮಡಿಕೆ ಮಡಿಕೆಯಲ್ಲೂ ನೀಲಿ.

ಬಿಸಿಲು ತುಂಬಿದ ಕೋಣೆಯಲ್ಲಿ ಇದು ತಲೆಕೆಳಗು. ನಮ್ಮ ಫ್ಲ್ಯಾಟು ಮೂರನೇ ಮಹಡಿಯಲ್ಲಿದೆ, ಪಶ್ಚಿಮಕ್ಕೆ ದೊಡ್ಡ ಬಾಲ್ಕನಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಸೀದಾ ಗೋಡೆಗೆ. ಅಲ್ಲಿ ಅಚ್ಚನೀಲಿಯ ಹಲಗೆ ಹಿಡಿದು ನೋಡಿದಾಗ ಸಾಲಿಯ ಸಮವಸ್ತ್ರದ ಚಡ್ಡಿಯ ಬಣ್ಣ ಎದ್ದು ಬಂತು. ಬೂದುನೀಲಿ ಅದೇ ಬಿಸಿಲಿನಲ್ಲಿ ತಣ್ಣಗೆ ಕೂತಿತ್ತು. ಹೀಗಾಗಿ ನನ್ನ ತೀರ್ಪು ಜನ ಸಾಮಾನ್ಯವಾಗಿ ಹೇಳುವುದಕ್ಕೆ ಉಲ್ಟಾ: ಬೆಳಕು ಹೇರಳವಿದ್ದಲ್ಲಿ ಬೂದುನೀಲಿ, ಬೆಳಕು ಸಾಲದಲ್ಲಿ ಅಚ್ಚನೀಲಿ.

ದಿಕ್ಕು, ದೀಪ

ಪಾಶ್ಚಾತ್ಯ ದೇಶದವರು ಬರೆದ ಸಲಹೆಗಳಲ್ಲಿ “ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ, ಅಲ್ಲಿ ಬೆಳಕು ಯಾವಾಗಲೂ ತಣ್ಣಗೆ” ಎಂದಿರುತ್ತದೆ. ಅವರ ಊರಿಗೆ ಅದು ಸರಿ. ಹುಬ್ಬಳ್ಳಿ ಧಾರವಾಡ ಇರುವುದು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಲ್ಲಿ ನಮ್ಮ ಉತ್ತರಕ್ಕೇ ಇರುತ್ತಾನೆ. ಗದಗ, ಹಾವೇರಿಯವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಎಂದರೆ ನಮ್ಮ ಉತ್ತರದ ಗೋಡೆ ಕಡುಬೇಸಿಗೆಯ ಕೊನೆಗೆ ಬಿಸಿಲು ಕಾಣುತ್ತದೆ, ಜೂನ್ ಹತ್ತಿದ ಮೇಲೆ ಮೋಡ ಬಂದು ಅದನ್ನೂ ಮುಚ್ಚುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಗೆ ಆಳದವರೆಗೂ ಬರುತ್ತದೆ. ದೀಪಾವಳಿಗೆ ಚಂದ ಕಂಡ ಬಣ್ಣ ಆಷಾಢದ ಜಿಟಿಜಿಟಿ ಮಳೆಯಲ್ಲಿ ಹೇಗಿರುತ್ತದೆ ಎಂದೂ ಯೋಚಿಸಬೇಕು. ಧಾರವಾಡದಲ್ಲಂತೂ ಮಳೆ ಶುರುವಾದರೆ ಹಗಲಲ್ಲೇ ಲೈಟ್ ಹಚ್ಚಿ ಕೂರುವ ದಿನಗಳು ಕಡಿಮೆಯೇನಲ್ಲ.

ಹಾಗಾಗಿ ದೀಪ ಮುಖ್ಯ. ಬಲ್ಬಿನ ಡಬ್ಬಿಯ ಮೇಲೆ 2700ಕೆ, 3000ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. ಅಂಕಿ ಕಡಿಮೆಯಾದಷ್ಟು ಬೆಳಕು ಹಳದಿ, ಹೆಚ್ಚಾದಷ್ಟು ಬಿಳಿನೀಲಿ. ನಮ್ಮ ಮನೆಗಳ ಟ್ಯೂಬ್‌ಲೈಟು ಬಹುತೇಕ 6500ಕೆ. ಗೋಡೆ ತನ್ನ ಮೇಲೆ ಬಿದ್ದದ್ದನ್ನೇ ತಾನೆ ಮರಳಿಸುವುದು? ಹಳದಿ ಬಲ್ಬಿನಲ್ಲಿ ನೀಲಿಯ ಪಾಲು ಕಡಿಮೆ, ಹೀಗಾಗಿ ಅದರಡಿ ಬೂದುನೀಲಿ ಕಪ್ಪಿಗೆ ತಿರುಗುತ್ತದೆ, ಕೆಲವೊಮ್ಮೆ ಪಾಚಿಯ ಛಾಯೆಯೂ ಬರುತ್ತದೆ. ಅಚ್ಚನೀಲಿ ಅದೇ ಬಲ್ಬಿನಲ್ಲಿ ಮಖಮಲ್ಲಿನಂತೆ ಮೆತ್ತಗಾಗುತ್ತದೆ. 6500ಕೆ ಟ್ಯೂಬಿನಡಿ ಬೂದುನೀಲಿಗೆ ಜೀವ ಬರುತ್ತದೆ, ಅಚ್ಚನೀಲಿ ಕಣ್ಣಿಗೆ ಹೊಡೆಯುತ್ತದೆ. ಬಣ್ಣ ಆರಿಸುವ ಮೊದಲೇ ದೀಪ ನಿರ್ಧರಿಸಿ. ಬಲ್ಬ್ ಬದಲಿಸುವುದು ಗೋಡೆಗೆ ಮತ್ತೆ ಹೊಡೆಸುವುದಕ್ಕಿಂತ ಸೋವಿ, ಆ ದಾರಿಯೂ ಇದೆ. ಅಕ್ಕನ ಮನೆಯಲ್ಲಿ ಮೊದಲು ಅದನ್ನೇ ಮಾಡಿ ನೋಡಿದೆವು. ಹಳದಿ ಬಲ್ಬ್ ತೆಗೆದು ಬಿಳಿ ಹಾಕಿದಾಗ ರಾತ್ರಿಯ ಪಾಟಿ ಸ್ವಲ್ಪ ನೀಲಿಯಾಯಿತು, ಹಗಲಿನ ಪಾಟಿ ಹಾಗೇ ಉಳಿಯಿತು.

ಇನ್ನೊಂದು ಮಜಾ. ಕರೆಂಟ್ ಹೋದ ಸಂಜೆ, ಕತ್ತಲಾಗುತ್ತಾ ಬಂದಂತೆ, ಕೆಂಪು ಬಣ್ಣಗಳು ಬೇಗ ಕಪ್ಪಾಗಿ ನೀಲಿ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿರುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ನೀಲಿಯ ಕಡೆಗೆ ವಾಲುವ ಈ ಗುಣಕ್ಕೆ ಪುರ್ಕಿಂಜೆ ಪರಿಣಾಮ ಎಂದು ಹೆಸರು, ಅದನ್ನು ಗುರುತಿಸಿದ ಚೆಕ್ ವಿಜ್ಞಾನಿಯ ಹೆಸರೇ ಅದು. ಅಕ್ಕನ ಪಡಸಾಲೆಯ ಕೆಂಪು ನೆಲ ಮುಳುಗಿದ ಮೇಲೂ ಗೋಡೆ ತೇಲುತ್ತಿರುವುದನ್ನು ನೋಡಲು ಈಗ ನಾವು ಬೇಕೆಂದೇ ಲೈಟ್ ಆರಿಸಿ ಕೂರುತ್ತೇವೆ.

ನೆಲವನ್ನು ಮರೆಯಬೇಡಿ

ಶೇಡ್ ಕಾರ್ಡ್ ಹಿಡಿದು ಗೋಡೆ ನೋಡುವವರು ಬಹಳ, ನೆಲ ನೋಡುವವರು ಕಡಿಮೆ. ಕಿಟಕಿಯಿಂದ ಬಂದ ಬೆಳಕು ಮೊದಲು ಬೀಳುವುದು ನೆಲಕ್ಕೆ, ಅಲ್ಲಿಂದ ಪುಟಿದು ಗೋಡೆಗೆ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಒಂದೋ ರೆಡ್ ಆಕ್ಸೈಡ್ ನೆಲ, ಇಲ್ಲವೇ ಶಹಾಬಾದ್ ಫರ್ಸಿ. ಹೊಸ ಮನೆಗಳಲ್ಲಿ ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್.

ಕೆಂಪು ನೆಲದ ಮೇಲಿನ ಬೂದುನೀಲಿ ಆ ಕೆಂಪನ್ನು ಹೀರಿಕೊಂಡು ಕೆಸರಾಗುತ್ತದೆ. ಅಕ್ಕನ ಗೋಡೆ ಪಾಟಿಯಾಗಲು ಅರ್ಧ ಕಾರಣ ಕತ್ತಲೆ, ಇನ್ನರ್ಧ ಈ ನೆಲ. ಅಚ್ಚನೀಲಿಯೂ ನೆಲದ ಹತ್ತಿರ ಒಂದು ಮೊಳದಷ್ಟು ನೇರಳೆಗೆ ತಿರುಗಿದೆ. ನನಗೆ ಅದು ದೋಷ ಎನಿಸಿತ್ತು. ಅಕ್ಕ ನೋಡಿ, “ಇಳಕಲ್ ಸೀರಿಗೆ ದಡಿ ಇದ್ದಂಗ ಅದ, ಇರಲಿ ಬಿಡು” ಎಂದಳು. ಆಮೇಲೆ ನನಗೂ ಹಾಗೇ ಕಾಣತೊಡಗಿತು.

ಶಹಾಬಾದ್ ಫರ್ಸಿಯಲ್ಲಿ ಬೂದು ನೀಲಿ ಎರಡೂ ಇವೆ. ಅದಕ್ಕೆ ಬೂದುನೀಲಿ ಗೋಡೆ ಒಂದೇ ಮನೆಯ ಮಗಳಂತೆ ಹೊಂದುತ್ತದೆ, ಕೋಣೆಗೆ ಬೆಳಕು ಚೆನ್ನಾಗಿದ್ದರೆ. ಅಚ್ಚನೀಲಿ ಹಚ್ಚಿದರೆ ಫರ್ಸಿಯೇ ಮಂಕಾಗಿ, ಒರೆಸಿಲ್ಲವೇನೋ ಎಂಬಂತೆ ಕಾಣುತ್ತದೆ. ಕೆನೆಬಣ್ಣದ ಟೈಲ್ಸ್‌ಗೆ ಎರಡೂ ನಡೆಯುತ್ತವೆ. ಸಾಗವಾನಿ ಬಾಗಿಲು, ತೊಲೆ, ಕಂಬ ಇದ್ದರೆ ನನ್ನ ಮತ ಅಚ್ಚನೀಲಿಗೆ. ಹಳೇ ಕಟ್ಟಿಗೆಯ ಜೇನುಬಣ್ಣವೂ ಹಿತ್ತಾಳೆಯ ಸಾಮಾನೂ ಅದರ ಮುಂದೆ ಬೆಳಗುತ್ತವೆ.

ಹಲಗೆ ಪರೀಕ್ಷೆ

ಕಾರ್ಡಿನ ಬೆರಳಗಲದ ಚೌಕವನ್ನು ನಂಬಬೇಡಿ. ಸುತ್ತಲಿನ ಬಿಳಿ ಅಂಚು ಕಡುನೀಲಿಯನ್ನು ಇನ್ನೂ ಕಪ್ಪಾಗಿ ತೋರಿಸುತ್ತದೆ. ಮೊಬೈಲಿನ ಫೋಟೊ ಅದಕ್ಕಿಂತ ಕಡೆ. ಕ್ಯಾಮೆರಾ ತನಗೆ ತೋಚಿದಂತೆ ಬೆಳಕು ತಿದ್ದಿರುತ್ತದೆ, ಪರದೆ ಮತ್ತೊಮ್ಮೆ ತಿದ್ದುತ್ತದೆ. ಎರಡೂ ಶೇಡ್‌ಗಳ ಸಣ್ಣ ಡಬ್ಬಿ ತನ್ನಿ, ಎರಡು ದೊಡ್ಡ ಡ್ರಾಯಿಂಗ್ ಹಾಳೆ ಅಥವಾ ಹಾರ್ಡ್‌ಬೋರ್ಡ್ ತುಂಡಿಗೆ ಎರಡೆರಡು ಕೋಟ್ ಹೊಡೆದು ಒಂದು ರಾತ್ರಿ ಒಣಗಲು ಬಿಡಿ. ಎಮಲ್ಷನ್ ಹಸಿಯಿದ್ದಾಗ ಹಾಲು ಬೆರೆತಂತೆ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಹಸಿಬಣ್ಣ ನೋಡಿ “ಇದಲ್ಲ” ಎಂದು ಪೇಂಟರ್ ಜೊತೆ ಜಗಳಕ್ಕೆ ಇಳಿಯಬೇಡಿ.

ಎರಡು ಹಲಗೆಯನ್ನೂ ಮೊದಲು ಒತ್ತೊತ್ತಾಗಿ ಇಟ್ಟು ನೋಡಿ. ಯಾವುದರಲ್ಲಿ ಬೂದಿ ಇದೆ, ಯಾವುದರಲ್ಲಿ ಹಸಿರು ಅಥವಾ ನೇರಳೆಯ ಸುಳಿವಿದೆ ಎಂಬುದು ಆಗ ಬಯಲಾಗುತ್ತದೆ. ಆದರೆ ಆರಿಸುವಾಗ ಅಕ್ಕಪಕ್ಕ ಇಡಬಾರದು. ಗೋಡೆಯ ಮೇಲೆ ಇರುವುದು ಒಂದೇ ತಾನೆ? ಒಂದು ದಿನ ಒಂದು ಹಲಗೆ, ಮರುದಿನ ಇನ್ನೊಂದು. ಬೆಳಗಿನ ಚಹಾದ ಹೊತ್ತಿಗೆ, ಮಧ್ಯಾಹ್ನ, ರಾತ್ರಿ ದೀಪ ಹಚ್ಚಿದ ಮೇಲೆ ನೋಡಿ. ಕಿಟಕಿ ಇರುವ ಗೋಡೆಗೆ ಒಮ್ಮೆ, ಅದರ ಎದುರಿನ ಗೋಡೆಗೆ ಒಮ್ಮೆ ಆನಿಸಿ. ಹಳದಿ ಅಥವಾ ಗುಲಾಬಿ ಹಳೇ ಬಣ್ಣದ ಗೋಡೆಯಿದ್ದರೆ ಹಿಂದೆ ಬಿಳಿ ಪಂಚೆಯನ್ನೊ ಚಾದರವನ್ನೊ ಇಳಿಬಿಡಿ, ಇಲ್ಲದಿದ್ದರೆ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಮನೆಯವರ ಅಭಿಪ್ರಾಯ ಕೇಳುವುದಾದರೆ ಒಬ್ಬೊಬ್ಬರನ್ನೇ ಕೇಳಿ. ಎಲ್ಲರೂ ಕೂತಾಗ ಕೇಳಿದರೆ ಕ್ರೀಮ್ ಕಲರ್ ಗೆಲ್ಲುತ್ತದೆ.

ಹೊಡೆಸುವಾಗ

ಕಡು ಶೇಡ್ ತಯಾರಾಗುವ ಬೇಸ್ ಬೇರೆ. ತಿಳಿಬಣ್ಣದ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿ ತುಂಬಿರುತ್ತದೆ, ಹಿಂದಿನದನ್ನು ಮುಚ್ಚುವ ಕೆಲಸ ಮುಖ್ಯವಾಗಿ ಅದರದು. ಕಡುನೀಲಿಗೆ ಆ ಬಿಳಿ ಇಲ್ಲದ ಅಥವಾ ತೀರ ಕಡಿಮೆ ಇರುವ ಬೇಸ್ ಬೇಕು, ಅದಕ್ಕೆ ಮಷಿನ್‌ನಿಂದ ಬಹಳಷ್ಟು ಬಣ್ಣ ಸುರಿಯಬೇಕು. ಹೀಗಾಗಿ ಇದು ತಿಳಿ ಶೇಡ್‌ಗಿಂತ ತುಟ್ಟಿ, ಮೇಲಾಗಿ ಎರಡು ಕೋಟ್‌ಗೆ ಮುಚ್ಚದೆ ಮೂರನೆಯದು ಕೇಳುತ್ತದೆ. ಈ ವಿಷಯದಲ್ಲಿ ಅಚ್ಚನೀಲಿ ಹೆಚ್ಚು ಹಟಮಾರಿ, ರೋಲರಿನ ಪಟ್ಟೆ ಮೊದಲ ಕೋಟಿನಲ್ಲಿ ಢಾಳಾಗಿ ಕಾಣುತ್ತದೆ. ಗೋಡೆ ಬಿಳಿ ಪ್ರೈಮರ್ ಆಗಿದ್ದರೆ ಅದರ ಮೇಲೆ ಬೂದುಬಣ್ಣದ ಒಂದು ಕೋಟ್ ಹಾಕಿಸಿ ಆಮೇಲೆ ನೀಲಿ ಹೊಡೆಸಿ. ನಮ್ಮ ಪೇಂಟರ್ ಚಾಚಾ ಮೊದಲು ಒಪ್ಪಲಿಲ್ಲ. ಎರಡನೇ ಸಲ, ಹಳೇ ಬೂದುನೀಲಿಯ ಮೇಲೆಯೇ ಅಚ್ಚನೀಲಿ ಎರಡೇ ಕೋಟ್‌ಗೆ ಕಚ್ಚಿ ಕೂತಾಗ, “ಅಕ್ಕಾರ, ನಿಮ್ಮ ತಮ್ಮಾರು ಪ್ರೈಮರ್ ಭಾಳ ತುಟ್ಟೀದ ಹೊಡಿಸ್ಯಾರ ನೋಡ್ರಿ” ಎಂದರು.

ಹಳೇ ಮನೆಗಳಲ್ಲಿ ಸುಣ್ಣದ ಪದರ ಕೆರೆದು ತೆಗೆಸದೆ ಎಮಲ್ಷನ್ ಹೊಡೆಸಿದರೆ ಹಪ್ಪಳದಂತೆ ಏಳುತ್ತದೆ. ಹಿಂದಿನವರು ಸುಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸುತ್ತಿದ್ದರಲ್ಲ, ಅದು ಅಲ್ಟ್ರಾಮರೀನ್, ಸುಣ್ಣದ ಕ್ಷಾರವನ್ನು ತಡೆದುಕೊಳ್ಳುತ್ತದೆ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿಯನ್ನು ಬೆರೆಸಿದ್ದರೆ ಕಂದಿ ಹೋಗುತ್ತಿತ್ತು, ಕ್ಷಾರ ಅದನ್ನು ಕೆಡಿಸುತ್ತದೆ. ಈಗಿನ ಟಿಂಟಿಂಗ್ ಮಷಿನ್‌ಗಳ ನೀಲಿಗೆ ಆ ಭಯವಿಲ್ಲ. ಆದರೆ ಹೊಸ ಗಿಲಾವು ಒಣಗುವ ಮೊದಲೇ ಹೊಡೆಸಿದರೆ, ಅಥವಾ ಗೋಡೆಯಲ್ಲಿ ಪಸಿ ಇದ್ದರೆ, ಉಪ್ಪು ಮೇಲೆ ಬರುತ್ತದೆ. ಕ್ರೀಮ್ ಗೋಡೆಯಲ್ಲಿ ಅದು ಯಾರಿಗೂ ಕಾಣದು. ಕಡುನೀಲಿಯಲ್ಲಿ ಬೂದಿ ಎರಚಿದಂತೆ ಕಾಣುತ್ತದೆ. ಮಳೆಗಾಲದಲ್ಲಿ ಪಸಿ ಏರುವ ಗೋಡೆಗೆ ಎರಡೂ ಬೇಡ, ಮೊದಲು ಸೋರಿಕೆ ನಿಲ್ಲಿಸಿ.

ಮ್ಯಾಟ್ ಹೊಡೆಸಬೇಕೋ, ಹೊಳಪಿನದೋ? ಹಳೇ ಗೋಡೆ ಎಂದರೆ ಉಬ್ಬುತಗ್ಗು ಇದ್ದೇ ಇರುತ್ತದೆ, ಹೊಳಪು ಅದನ್ನೆಲ್ಲ ಎತ್ತಿ ತೋರಿಸುತ್ತದೆ, ಟ್ಯೂಬ್‌ಲೈಟಿನ ಬಿಳಿಗೆರೆಯೂ ಗೋಡೆಯಲ್ಲಿ ಮೂಡುತ್ತದೆ. ಅಲ್ಲಿ ಮ್ಯಾಟ್. ಆದರೆ ಮ್ಯಾಟ್ ಕಡುನೀಲಿಗೆ ತಲೆ, ಬೆನ್ನು, ಕುರ್ಚಿ ಉಜ್ಜಿದಲ್ಲೆಲ್ಲ ಹೊಳೆಯುವ ಕಲೆ ಬೀಳುತ್ತದೆ. ಮಕ್ಕಳಿರುವ ಮನೆಯಲ್ಲಿ ತುಸು ಹೊಳಪಿನ, ಒರೆಸಲು ಬರುವ ಎಮಲ್ಷನ್ ವಾಸಿ.

ಧೂಳಿನ ಬಗ್ಗೆ ಒಂದು ಮಾತು ಸಾಕು: ಧಾರವಾಡದ ಕೆಮ್ಮಣ್ಣಿನ ಧೂಳು ಎರಡರ ಮೇಲೂ ಕಾಣುತ್ತದೆ, ಅಚ್ಚನೀಲಿಯ ಮೇಲೆ ಹೆಚ್ಚು. ರಸ್ತೆಗೆ ಅಂಟಿದ ಮನೆಯಾದರೆ ಬೂದುನೀಲಿಗೆ ಒಂದು ಅಂಕ ಹೆಚ್ಚು ಕೊಡಿ. ಹೊರಗಿನ ಗೋಡೆಗಂತೂ ಎರಡನ್ನೂ ನಾನು ಹೇಳುವುದಿಲ್ಲ. ಕಡುಬಣ್ಣ ಬಿಸಿಲು ಕುಡಿಯುತ್ತದೆ, ಏಪ್ರಿಲ್‌ನಲ್ಲಿ ಒಳಗೆ ಕೂರುವವರು ನೀವು.

ಎಷ್ಟು ಗೋಡೆಗೆ? ಒಂದಕ್ಕೆ. ಉಳಿದ ಮೂರಕ್ಕೆ ಹಾಲುಬಿಳುಪಲ್ಲದ, ತುಸು ಹಳದಿ ಬೆರೆತ ಬಿಳುಪು. ಅಚ್ಚನೀಲಿಯ ಪಕ್ಕ ಶುಭ್ರ ಬಿಳಿ ಹಾಕಿದರೆ ಬ್ಯಾಂಕಿನ ಬೋರ್ಡ್ ಆಗುತ್ತದೆ.

ದೇವರ ಮನೆಯ ಗೋಡೆಗೆ ಹೊಡೆಸಬಹುದೇ ಎಂದು ಅಕ್ಕನ ನೆರೆಮನೆಯವರು ಕೇಳಿದರು. ದೀಪದ ಬೆಳಕಿಗೆ ಅಚ್ಚನೀಲಿ ಬಲು ಚಂದ ಕಾಣುತ್ತದೆ, ಮಸಿಯೂ ಅಡಗುತ್ತದೆ. ಊದಿನಕಡ್ಡಿಯ ಬೂದಿ, ವಿಭೂತಿಯ ಬೆರಳಗುರುತು ಮಾತ್ರ ಅಡಗುವುದಿಲ್ಲ. ಒರೆಸುವ ಕೈ ಯಾರದು ಎಂದು ಮೊದಲು ಕೇಳಿಕೊಳ್ಳಿ ಎಂದೆ. ಅವರು ಕ್ರೀಮ್ ಹೊಡೆಸಿದರು.

ಕೆಲಸ ಮುಗಿದ ಮೇಲೆ ಡಬ್ಬಿಯ ಮುಚ್ಚಳದ ಮೇಲೆ ಕಂಪನಿ, ಶೇಡ್ ನಂಬರ್, ಬೇಸ್, ತಾರೀಖು ಬರೆದಿಡಿ. ಕಡುನೀಲಿಯಲ್ಲಿ ತೇಪೆ ಹಚ್ಚಿದರೆ ಅದೇ ಶೇಡ್ ಆದರೂ ಗುರುತು ಕಾಣುತ್ತದೆ, ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೆಸಬೇಕಾದೀತು. ಅದಕ್ಕಾಗಿ ಒಂದು ಲೀಟರ್ ಉಳಿಸಿಕೊಳ್ಳಿ. ಅಕ್ಕನ ಮನೆಯಲ್ಲಿ ಉಳಿದಿದ್ದ ಬೂದುನೀಲಿಯನ್ನು ಭಾವ ತಮ್ಮ ಓದುವ ಕೋಣೆಯ ಕಿಟಕಿ ಪಕ್ಕದ ಗೋಡೆಗೆ ತಾವೇ ಹೊಡೆದುಕೊಂಡರು. ದಕ್ಷಿಣದ ಕಿಟಕಿ, ಕೆಳಗೆ ಶಹಾಬಾದ್ ಫರ್ಸಿ. ಅಲ್ಲಿ ಅದು ನೀಲಿಯಾಗಿಯೇ ಇದೆ.